ಬೆಲ್ಟಿನ ಹದ

ಕಾರಿನ ಬಹುತೇಕ ಭಾಗಗಳು ಕೆಡುವ ಮುನ್ನ ಏನಾದರೊಂದು ಸುಳಿವು ಕೊಡುತ್ತವೆ. ಬ್ರೇಕ್ ಪ್ಯಾಡ್ ಸವೆದರೆ ಕಿರುಗುಟ್ಟುತ್ತದೆ. ಬ್ಯಾಟರಿ ಸೋತರೆ ಬೆಳಿಗ್ಗೆ ಸ್ಟಾರ್ಟರ್ ನರಳುತ್ತದೆ. ಕ್ಲಚ್ ಮುಗಿಯುತ್ತ ಬಂದರೆ ಘಾಟಿಯಲ್ಲಿ ಸುಟ್ಟ ವಾಸನೆ ಹೊಡೆಯುತ್ತದೆ. ಎಂಜಿನ್ನಿನ ಟೈಮಿಂಗ್ ಬೆಲ್ಟ್ ಸಾಮಾನ್ಯವಾಗಿ ಅಂಥ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಹರಿಯುವ ಹಿಂದಿನ ನಿಮಿಷದವರೆಗೂ ತನ್ನ ಕೆಲಸವನ್ನು ನೆಟ್ಟಗೆ ಮಾಡುತ್ತಿರುತ್ತದೆ. ಹರಿದ ಮೇಲೆ ರಿಪೇರಿ ಬೆಲ್ಟಿಗಷ್ಟೇ ನಿಲ್ಲುವುದಿಲ್ಲ, ಇಡೀ ಎಂಜಿನ್ ಬಿಚ್ಚಬೇಕಾಗುತ್ತದೆ.

ನಾನು ಧಾರವಾಡದವನು. ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪುಣೆ ಸೇರಿ ಹದಿನೇಳು ವರ್ಷವಾಯಿತು. ಚಾಕಣ್‌ನ ಒಂದು ಕಾರ್ಖಾನೆಯ ಎಂಜಿನ್ ಪರೀಕ್ಷಾ ವಿಭಾಗದಲ್ಲಿ ಕೆಲಸ. ವಾರದ ದಿನಗಳಲ್ಲಿ ಎಂಜಿನ್ನನ್ನು ಗಾಜಿನ ಗೋಡೆಯ ಆಚೆ ಓಡಿಸಿ, ಈಚೆ ಕುಳಿತು ಕಂಪ್ಯೂಟರಿನಲ್ಲಿ ಗೆರೆಗಳನ್ನು ನೋಡುತ್ತೇನೆ. ಶನಿವಾರ ಮಾತ್ರ ಕೈಗೆ ಗ್ರೀಸ್ ಹತ್ತುತ್ತದೆ. ಭೋಸರಿಯಲ್ಲಿ ನಮ್ಮವರೊಬ್ಬರ ಗ್ಯಾರೇಜ್ ಇದೆ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಹದಿನಾರನೇ ವಯಸ್ಸಿಗೆ ಪುಣೆಗೆ ಬಂದವರು, ಈಗ ಅರವತ್ತರ ಹತ್ತಿರ. ನಾನು ಅವರನ್ನು ಕಾಕಾ ಎನ್ನುತ್ತೇನೆ. ಗಿರಾಕಿಗಳ ಜೊತೆ ಮರಾಠಿ, ಹುಡುಗರ ಜೊತೆ ಹಿಂದಿ, ಬಾನೆಟ್ಟಿನ ಕೆಳಗೆ ತಲೆ ಹಾಕಿದಾಗ ಅಚ್ಚ ಇಂಡಿ ಕನ್ನಡ. ಆ ಕನ್ನಡ ಕೇಳಲಿಕ್ಕೆಂದೇ ಅಲ್ಲಿಗೆ ಹೋಗುತ್ತೇನೆ ಅಂದರೂ ತಪ್ಪಿಲ್ಲ.

ಕಳೆದ ವರ್ಷ ಆ ಗ್ಯಾರೇಜಿಗೆ ಒಂದು ಪೋರ್ಷೆ 944 ಬಂತು. ಬಂತು ಅನ್ನುವುದಕ್ಕಿಂತ ಟೋ ಟ್ರಕ್ಕಿನ ಮೇಲೆ ಹೇರಿಕೊಂಡು ತಂದರು ಅನ್ನಬೇಕು.

ಕಾರು ಮತ್ತು ಯಜಮಾನರು

944 ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಪೋರ್ಷೆ ಎಂದರೆ ಎಂಜಿನ್ ಹಿಂದಿರುವ 911 ಮಾತ್ರ ಎಂದುಕೊಂಡವರೇ ಹೆಚ್ಚು. 944ರ ಎಂಜಿನ್ ಮುಂದಿದೆ, ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ಹತ್ತಿರ ಇದೆ. ಹೀಗಾಗಿ ಕಾರಿನ ಭಾರ ಹಿಂದೆ ಮುಂದೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿದೆ. ತಿರುವುಗಳಲ್ಲಿ ಇದು ನೆಲಕ್ಕೆ ಅಂಟಿಕೊಂಡಂತೆ ಓಡುವುದಕ್ಕೆ ಅದೇ ಕಾರಣ. 1982ರಿಂದ 1991ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಬಹುಪಾಲು ಜೋಡಣೆಯಾದದ್ದು ಜರ್ಮನಿಯ ನೆಕಾರ್ಸುಲ್ಮ್‌ನಲ್ಲಿರುವ ಆಡಿ ಕಾರ್ಖಾನೆಯಲ್ಲಿ. ಎಂಜಿನ್ 2.5 ಲೀಟರಿನ ನಾಲ್ಕು ಸಿಲಿಂಡರಿನದು, ಅಲ್ಯೂಮಿನಿಯಂ ಬ್ಲಾಕ್.

ಈ ಕಾರು 1986ರದು. ಯಜಮಾನರು ಪುಣೆಯವರೇ. ಹಡಗಿನಲ್ಲಿ ಎಂಜಿನಿಯರ್ ಆಗಿದ್ದವರು. ವಿದೇಶದ ನೌಕರಿ ಮುಗಿಸಿ ಬರುವಾಗ ಜೊತೆಗೆ ತಂದುಕೊಂಡ ಕಾರು. ವಯಸ್ಸು ಈಗ ಎಪ್ಪತ್ತೊಂಬತ್ತು. ಹೆಂಡತಿ ತೀರಿಕೊಂಡ ಮೇಲೆ ಕಾರು ಹೊರಗೆ ತೆಗೆಯುವುದನ್ನೇ ಬಿಟ್ಟಿದ್ದರು. ಆರು ವರ್ಷ ಹೊದಿಕೆಯ ಕೆಳಗೆ ನಿಂತಿತ್ತು. ಕಾಕಾ ಎದುರು ಅವರು ಹೇಳಿದ ಮಾತು ಸರಳವಾಗಿತ್ತು. ಡ್ರೈವಿಂಗ್ ಲೈಸೆನ್ಸ್ ಇನ್ನೊಂದು ವರ್ಷಕ್ಕೆ ಮುಗಿಯುತ್ತದೆ. ಮುಂದಿನ ಸಲ ಡಾಕ್ಟರ್ ಸರ್ಟಿಫಿಕೇಟ್ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ. ಅದರೊಳಗೆ ಒಮ್ಮೆ ತಾವೇ ಓಡಿಸಿಕೊಂಡು ಖಂಬಾಟಕಿ ಘಾಟ್ ಹತ್ತಿ ವಾಯಿಗೆ ಹೋಗಿಬರಬೇಕು.

‘ಹೊಸ ಬ್ಯಾಟರಿ ತಂದಿದ್ದೇನೆ, ಹೊಸ ಪೆಟ್ರೋಲ್ ಹಾಕಿ. ಒಮ್ಮೆ ಸ್ಟಾರ್ಟ್ ಮಾಡಿ ನೋಡೋಣ’ ಎಂದರು.

ಕಾಕಾ ಕೀಲಿ ಇಸಿದುಕೊಂಡು ತಮ್ಮ ಕಿಸೆಗೆ ಹಾಕಿಕೊಂಡರು. ನನ್ನ ಕಡೆ ತಿರುಗಿ, ‘ಸರ, ಬೆಲ್ಟ್ ಯಾವಾಗ ಹಾಕ್ಯಾರ ಕೇಳ್ರಿ’ ಅಂದರು.

ಹಡಗಿನವರ ಕಾಗದಪತ್ರ ಅಚ್ಚುಕಟ್ಟು. ಫೈಲಿನಲ್ಲಿ 2009ರ ಬಿಲ್ ಇತ್ತು. ಅಂದಿನಿಂದ ಕಾರು ಓಡಿದ್ದು ಬರೀ 4,100 ಕಿಲೋಮೀಟರ್. ‘ಬೆಲ್ಟ್ ಇನ್ನೂ ಹೊಸದೇ ಅಲ್ಲವೇ?’ ಎಂದು ಯಜಮಾನರು ಕೇಳಿದರು. ಕಾರಿನ ವಿಷಯದಲ್ಲಿ ಸಾಮಾನ್ಯವಾಗಿ ಎಲ್ಲರೂ ಕೇಳುವ ಪ್ರಶ್ನೆ ಅದು. ಅದಕ್ಕೆ ಉತ್ತರ ಹೇಳಬೇಕಾದರೆ ಬೆಲ್ಟ್ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು.

ಕ್ರ್ಯಾಂಕಿಗೂ ಕ್ಯಾಮಿಗೂ ನಡುವೆ

ಪಿಸ್ಟನ್ನುಗಳು ಮೇಲೆ ಕೆಳಗೆ ಓಡಾಡಿ ಕೆಳಗಿನ ಕ್ರ್ಯಾಂಕ್ ಶಾಫ್ಟನ್ನು ತಿರುಗಿಸುತ್ತವೆ. ಮೇಲಿನ ಕ್ಯಾಮ್ ಶಾಫ್ಟ್ ವಾಲ್ವುಗಳನ್ನು ತೆರೆಯುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗಬೇಕು. ಇವೆರಡನ್ನೂ ಜೋಡಿಸುವುದೇ ಹಲ್ಲುಗಳಿರುವ ಟೈಮಿಂಗ್ ಬೆಲ್ಟ್. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಪ್ರತಿ ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ.

944ರಂಥ ಎಂಜಿನ್ನುಗಳಲ್ಲಿ ತೆರೆದ ವಾಲ್ವ್ ಇಳಿಯುವ ಜಾಗಕ್ಕೇ ಪಿಸ್ಟನ್ ಕೂಡ ಏರಿ ಬರುತ್ತದೆ. ಬೇರೆ ಬೇರೆ ಕ್ಷಣದಲ್ಲಿ ಬರುವುದರಿಂದ ಡಿಕ್ಕಿಯಾಗುವುದಿಲ್ಲ. ಬೆಲ್ಟ್ ಹರಿದರೆ ಕ್ಯಾಮ್ ನಿಂತುಬಿಡುತ್ತದೆ, ಕೆಲವು ವಾಲ್ವುಗಳು ತೆರೆದೇ ಉಳಿಯುತ್ತವೆ, ಪಿಸ್ಟನ್ ಬಂದು ಬಡಿಯುತ್ತದೆ. ವಾಲ್ವ್ ಸೊಟ್ಟಗಾಗುತ್ತದೆ. ಬೆಲ್ಟ್ ಸಡಿಲವಾಗಿ ನಾಲ್ಕಾರು ಹಲ್ಲು ಜಿಗಿದರೂ ಗತಿ ಅದೇ. ಬಿಗಿತದ ಮಾತು ಬರುವುದು ಇಲ್ಲೇ.

ಹಾಗಾದರೆ ಗಟ್ಟಿಯಾಗಿ ಬಿಗಿದುಬಿಟ್ಟರೆ ಸರಿಯಲ್ಲವೇ? ಅದೂ ಆಗುವುದಿಲ್ಲ. ಇದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ. ವಿಪರೀತ ಬಿಗಿದರೆ ಪಂಪಿನ ಬೇರಿಂಗ್, ಟೆನ್ಶನರ್ ರೋಲರಿನ ಬೇರಿಂಗ್ ಬೇಗ ಸವೆಯುತ್ತವೆ. ಬೇರಿಂಗ್ ಹಿಡಿದುಕೊಂಡರೆ ಬೆಲ್ಟಿನ ಹಲ್ಲು ಕಿತ್ತು ಬರುತ್ತದೆ. ಸಡಿಲದಿಂದ ಆಗುವ ಅನಾಹುತವೇ ಬಿಗಿಯಿಂದಲೂ ಆಗುತ್ತದೆ, ಸ್ವಲ್ಪ ತಡವಾಗಿ ಅಷ್ಟೆ. ಕಾಕಾ ಇದನ್ನು ಒಂದೇ ಸಾಲಿನಲ್ಲಿ ಹೇಳುತ್ತಾರೆ: ‘ಬಿಗಿ ಆತಂದ್ರ ಬೇರಿಂಗ್ ಒದರತದ, ಸಡಲ ಆತಂದ್ರ ಹಲ್ಲ ಜಿಗೀತದ.’

ಕಾರಿನಲ್ಲಿ ಇಂಥ ರಬ್ಬರ್ ಬೆಲ್ಟ್ ಬಂದದ್ದು ತೀರ ಹಳೆಯ ಕಾಲದಲ್ಲೇನಲ್ಲ. ಜರ್ಮನಿಯ ಬವೇರಿಯಾದಲ್ಲಿ ಗ್ಲಾಸ್ ಎಂಬ ಕಂಪನಿ ಇತ್ತು. ಮೂಲತಃ ಬಿತ್ತನೆ ಯಂತ್ರ ಮಾಡುತ್ತಿದ್ದವರು. ಅವರ ಗ್ಲಾಸ್ 1004 ಎಂಬ ಪುಟ್ಟ ಕಾರು 1962ರಲ್ಲಿ ಹಲ್ಲಿನ ಬೆಲ್ಟಿನೊಂದಿಗೆ ಮಾರುಕಟ್ಟೆಗೆ ಬಂತು. 1966ರಲ್ಲಿ ಬಂದ ಫಿಯಟ್ 124 ಸ್ಪೋರ್ಟ್ ಎರಡು ಕ್ಯಾಮ್ ಶಾಫ್ಟುಗಳನ್ನು ಬೆಲ್ಟಿನಿಂದ ಓಡಿಸಿತು. ಸದ್ದು ಕಡಿಮೆ, ಖರ್ಚು ಕಡಿಮೆ, ಎಣ್ಣೆ ಬೇಕಿಲ್ಲ. ಅಲ್ಲಿಯವರೆಗೆ ಚೈನ್ ಮಾಡುತ್ತಿದ್ದ ಕೆಲಸ ಬೆಲ್ಟಿಗೆ ಬಂತು. ನಮ್ಮ ಅಂಬಾಸಿಡರ್, ಪದ್ಮಿನಿಗಳಲ್ಲಿ ಚೈನ್ ಇತ್ತು. 1983ರಲ್ಲಿ ಬಂದ ಮಾರುತಿ 800ರಲ್ಲಿ ಬೆಲ್ಟ್ ಬಂತು. ಚೈನಿನ ಕಾರನ್ನು ನೋಡಿಕೊಂಡಂತೆಯೇ ಬೆಲ್ಟಿನ ಕಾರನ್ನೂ ನೋಡಿಕೊಳ್ಳುವ ರೂಢಿ ಮಾತ್ರ ನಮ್ಮಲ್ಲಿ ಉಳಿದುಬಿಟ್ಟಿದೆ.

ವಯಸ್ಸಿನ ಲೆಕ್ಕ

ಬೆಲ್ಟ್ ಎಂದರೆ ರಬ್ಬರು, ಅದರೊಳಗೆ ಉದ್ದಕ್ಕೆ ಗಾಜಿನ ನಾರಿನ ಹುರಿ, ಹಲ್ಲಿನ ಮೇಲೆ ನೈಲಾನ್ ಬಟ್ಟೆ. ಎಳೆತವನ್ನು ತಡೆಯುವುದು ಗಾಜಿನ ಹುರಿ. ಆದ್ದರಿಂದಲೇ ಹೊಸ ಬೆಲ್ಟನ್ನೂ ಮಡಚಬಾರದು, ಒಳಹೊರಗೆ ಮಾಡಬಾರದು. ಹುರಿ ಒಳಗೇ ಮುರಿದರೆ ಹೊರಗೆ ಕಾಣುವುದಿಲ್ಲ. ರಬ್ಬರಿಗೆ ಕಾರು ಓಡಿದರೂ ವಯಸ್ಸಾಗುತ್ತದೆ, ನಿಂತರೂ ವಯಸ್ಸಾಗುತ್ತದೆ. ನಿಂತ ಕಾರಿನಲ್ಲಿ ಇನ್ನೊಂದು ತೊಂದರೆ ಇದೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಾಗಿ ಕುಳಿತ ಬೆಲ್ಟು ಆ ಬಾಗನ್ನೇ ಹಿಡಿದುಬಿಡುತ್ತದೆ. 944 ಇಟ್ಟುಕೊಂಡವರು ಸಾಮಾನ್ಯವಾಗಿ 48,000 ಕಿಲೋಮೀಟರ್ ಅಥವಾ ನಾಲ್ಕೈದು ವರ್ಷ, ಇವೆರಡರಲ್ಲಿ ಯಾವುದು ಮೊದಲೋ ಆಗ ಬೆಲ್ಟ್ ಬದಲಿಸುತ್ತಾರೆ. ಕಿಲೋಮೀಟರ್ ಲೆಕ್ಕದಲ್ಲಿ ನಮ್ಮ ಯಜಮಾನರ ಬೆಲ್ಟ್ ಎಳೆಯದು. ವರ್ಷದ ಲೆಕ್ಕದಲ್ಲಿ ಅದು ನಿವೃತ್ತಿಯಾಗಿ ಹತ್ತು ವರ್ಷ ಕಳೆದಿತ್ತು.

ಕಾಕಾ ಕೀಲಿ ಕಿಸೆಗೆ ಹಾಕಿದ್ದು ಇದಕ್ಕೇ. ಸ್ಟಾರ್ಟರ್ ಮೋಟರ್ ಒಂದು ಸುತ್ತು ತಿರುಗಿಸಿದರೂ ಸಾಕು, ಹಳೆಯ ಹಲ್ಲು ಕಿತ್ತರೆ ವಾಲ್ವುಗಳ ಕಥೆ ಮುಗಿಯಿತು. ಆ ಎಂಜಿನ್ನಿನಲ್ಲಿ ವಾಲ್ವುಗಳು ಎಂಟೇ. ಆದರೆ ಅವನ್ನು ಬದಲಿಸಲು ಹೆಡ್ ಇಳಿಸಬೇಕು, ಸಾಮಾನು ಪರದೇಶದಿಂದ ತರಿಸಬೇಕು. ಯಜಮಾನರ ಲೆಕ್ಕದ ಒಂದು ವರ್ಷ ಅದರಲ್ಲೇ ಕಳೆದುಹೋಗುತ್ತಿತ್ತು.

ಮೊದಲು ಬ್ಯಾಟರಿ ಕೇಬಲ್ ತೆಗೆದೆವು. ಫ್ಯಾನು, ಹೊರಗಿನ ಬೆಲ್ಟುಗಳು, ಡಿಸ್ಟ್ರಿಬ್ಯೂಟರ್ ಕ್ಯಾಪು, ಮುಂದಿನ ಮುಚ್ಚಳಗಳನ್ನು ಬಿಚ್ಚಿದೆವು. ಸ್ಪಾರ್ಕ್ ಪ್ಲಗ್ಗುಗಳನ್ನೂ ತೆಗೆದು, ಕ್ರ್ಯಾಂಕಿನ ತುದಿಯ 24 ಎಂಎಂ ಬೋಲ್ಟಿಗೆ ಪಾನಾ ಹಾಕಿ ಎಂಜಿನ್ನನ್ನು ಬರಿಗೈಯಲ್ಲಿ, ತೀರ ನಿಧಾನಕ್ಕೆ ಗುರುತಿನವರೆಗೆ ತಿರುಗಿಸಿದೆವು. ಫ್ಲೈವೀಲಿನ ಮೇಲೆ ‘ಒಟಿ’ ಎಂಬ ಗುರುತಿದೆ, ಮೊದಲ ಪಿಸ್ಟನ್ ತುತ್ತತುದಿಯಲ್ಲಿದೆ ಎಂಬುದಕ್ಕೆ ಜರ್ಮನ್ ಭಾಷೆಯ ಸಂಕ್ಷೇಪ. ಕ್ಯಾಮ್ ಗಾಲಿಯ ಗುರುತೂ ಅದೇ ಹೊತ್ತಿಗೆ ತನ್ನ ಜಾಗಕ್ಕೆ ಬರಬೇಕು. ಎರಡೂ ಕೂಡಿ ಬಂದವು. ಅಂದರೆ ಅಲ್ಲಿಯವರೆಗೆ ಒಂದು ಹಲ್ಲೂ ಜಿಗಿದಿರಲಿಲ್ಲ.

ಬೆಲ್ಟ್ ಹೊರಗೆ ಬಂದಾಗ ಯಜಮಾನರೂ ಅಲ್ಲೇ ಇದ್ದರು. ಕಾಕಾ ಅದನ್ನು ಬೆಳಕಿಗೆ ಹಿಡಿದು ಸ್ವಲ್ಪ ಹಿಂದಕ್ಕೆ ಬಾಗಿಸಿದರು. ಮೂರು ಹಲ್ಲುಗಳ ಬುಡದಲ್ಲಿ ಕೂದಲೆಳೆಯ ಸೀಳು ಬಾಯಿ ತೆರೆಯಿತು. ಕ್ರ್ಯಾಂಕಿನ ಆಯಿಲ್ ಸೀಲ್ ಸೋರಿ ಒಂದು ಬದಿ ಎಣ್ಣೆಯಲ್ಲಿ ನೆಂದು ಮೆತ್ತಗಾಗಿತ್ತು. ನೀರಿನ ಪಂಪನ್ನು ಕೈಯಿಂದ ತಿರುಗಿಸಿದರೆ ಒಂದು ಜಾಗದಲ್ಲಿ ತಡೆಯುತ್ತಿತ್ತು. ಯಜಮಾನರು ಬಹಳ ಹೊತ್ತು ಆ ಸೀಳನ್ನು ನೋಡಿದರು. ‘ಹಡಗಿನಲ್ಲಿ ನನ್ನ ಕೈಕೆಳಗಿನ ಹುಡುಗ ಇದರ ಮೇಲೆ ಎಂಜಿನ್ ಶುರು ಮಾಡಿದ್ದರೆ ಅವನನ್ನು ಮುಂದಿನ ಬಂದರಿನಲ್ಲಿ ಇಳಿಸುತ್ತಿದ್ದೆ’ ಅಂದರು. ಆಮೇಲೆ ಸ್ಟಾರ್ಟ್ ಮಾಡುವ ಮಾತು ಎತ್ತಲಿಲ್ಲ.

ಎರಡು ಬೆಲ್ಟು, ಎರಡು ಹದ

944ರಲ್ಲಿ ಇನ್ನೊಂದು ವಿಶೇಷವಿದೆ. ದೊಡ್ಡ ಗಾತ್ರದ ನಾಲ್ಕು ಸಿಲಿಂಡರ್ ಎಂಜಿನ್ ಸಹಜವಾಗಿ ಹೆಚ್ಚು ನಡುಗುತ್ತದೆ. ನಡುಕ ಅಡಗಿಸಲು ಎರಡು ಬ್ಯಾಲೆನ್ಸ್ ಶಾಫ್ಟುಗಳಿವೆ. ಕ್ರ್ಯಾಂಕಿನ ಎರಡರಷ್ಟು ವೇಗದಲ್ಲಿ, ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಕೊಟ್ಟ ಹಳೆಯ ಕಲ್ಪನೆ ಇದು. ಜಪಾನಿನ ಮಿತ್ಸುಬಿಷಿ ಅದನ್ನು ಸುಧಾರಿಸಿ ಪೇಟೆಂಟ್ ಪಡೆದಿತ್ತು, ಪೋರ್ಷೆ ಅದಕ್ಕೆ ಹಣ ಕಟ್ಟಿ ಬಳಸಿಕೊಂಡಿತು. ಈ ಶಾಫ್ಟುಗಳಿಗೆ ಬೇರೆಯದೇ ಬೆಲ್ಟು, ಎರಡೂ ಬದಿಗೆ ಹಲ್ಲು. ಇದು ಹರಿದರೆ ವಾಲ್ವಿಗೆ ನೇರವಾಗಿ ಏನೂ ಆಗುವುದಿಲ್ಲ. ಆದರೆ ಹರಿದ ತುಂಡು ಪಕ್ಕದ ಟೈಮಿಂಗ್ ಬೆಲ್ಟಿಗೆ ಸಿಕ್ಕಿಕೊಂಡರೆ ಎರಡೂ ಹೋಗುತ್ತವೆ.

ಇಲ್ಲಿ ತೊಡಕು ಏನೆಂದರೆ, ಎರಡು ಬೆಲ್ಟುಗಳ ಬಿಗಿತ ಒಂದೇ ಅಲ್ಲ. ಟೈಮಿಂಗ್ ಬೆಲ್ಟ್ ಹೆಚ್ಚು ಬಿಗಿಯಿರಬೇಕು, ಬ್ಯಾಲೆನ್ಸ್ ಬೆಲ್ಟ್ ಅದಕ್ಕಿಂತ ಸಡಿಲವಿರಬೇಕು. ಬ್ಯಾಲೆನ್ಸ್ ಬೆಲ್ಟಿನ ಹತ್ತಿರ ಒಂದು ಕಾವಲು ರೋಲರ್ ಇದೆ. ಅದು ಬೆಲ್ಟಿಗೆ ತಾಗಲೇಬಾರದು, ಅರ್ಧ ಮಿಲಿಮೀಟರ್ ದೂರ ನಿಲ್ಲಬೇಕು. ಅದೂ ಒಂದು ಟೆನ್ಶನರ್ ಎಂದು ತಿಳಿದು ಬೆಲ್ಟಿಗೆ ಒತ್ತಿ ಕೂಡಿಸುವವರಿದ್ದಾರೆ. ಹಾಗೆ ಮಾಡಿದರೆ ಎಂಜಿನ್ ಸೀಟಿ ಹೊಡೆದಂತೆ ಕೂಗುತ್ತದೆ.

ಬೆಲ್ಟುಗಳು, ರೋಲರುಗಳು, ಸೀಲುಗಳು, ಪಂಪು ಪರದೇಶದಿಂದ ಬರಲು ಏಳು ವಾರ ಹಿಡಿಯಿತು. ಬಿಗಿತ ಅಳೆಯಲು ಪೋರ್ಷೆಯದೇ ಒಂದು ಗೇಜ್ ಇದೆ, ಸಂಖ್ಯೆ 9201. ಬೆಲ್ಟನ್ನು ಸ್ಪ್ರಿಂಗಿನಿಂದ ಒತ್ತಿ ಎಷ್ಟು ಬಾಗುತ್ತದೆ ಎಂದು ಮುಳ್ಳಿನಲ್ಲಿ ತೋರಿಸುತ್ತದೆ. ತೋರಿಸುವ ಅಂಕಿ ಕಿಲೋ ಲೆಕ್ಕದ್ದಲ್ಲ, ಆ ಗೇಜಿನದೇ ಅಳತೆ. ಕೊಳ್ಳಲು ಹೋದರೆ ಕೈ ಸುಡುವ ಬೆಲೆ. ಮುಂಬೈಯ ಹಳೆ ಕಾರುಗಳ ಸಂಗ್ರಾಹಕರೊಬ್ಬರು ಎರಡು ವಾರದ ಮಟ್ಟಿಗೆ ಎರವಲು ಕೊಟ್ಟರು.

ಕಾಕಾಗೆ ಗೇಜಿನ ಮೇಲೆ ನಂಬಿಕೆ ಇರಲಿಲ್ಲ. ‘ನಲವತ್ತ ವರ್ಸ ಬೆಲ್ಟ್ ಹಾಕೇನ್ರಿ. ಎರಡ ಬೆರಳಾಗ ಹಿಡದು ತಿರುವಿದ್ರ ಕಾಟಕೋನ ತನಕ ತಿರುಗಬೇಕು, ಮುಂದ ಹೋಗಬಾರದು. ಇದಕ ಮೀಟರ್ ಯಾಕ್ರಿ?’

ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಬೆಲ್ಟನ್ನು ತೊಂಬತ್ತು ಡಿಗ್ರಿ ತಿರುವಿ ನೋಡುವ ಪದ್ಧತಿ ಜಗತ್ತಿನಾದ್ಯಂತ ಇದೆ. ಹೀಗಾಗಿ ಒಂದು ಪಂದ್ಯ ಇಟ್ಟೆವು. ಅವರು ಬೆರಳಿನಿಂದ ಬಿಗಿಯಬೇಕು, ನಾನು ಗೇಜಿನಿಂದ ಅಳೆಯಬೇಕು. ಪ್ರತಿ ಸಲ ಬಿಚ್ಚಿ ಮತ್ತೆ ಕಟ್ಟಬೇಕು. ಮೂರು ಸಲ ಮಾಡಿದೆವು. ಟೈಮಿಂಗ್ ಬೆಲ್ಟ್ ಎರಡು ಸಲ ಮ್ಯಾನ್ಯುಯಲ್ ಹೇಳಿದ ಮಿತಿಯೊಳಗೇ ಬಂತು, ಒಂದು ಸಲ ತುಸು ಸಡಿಲ. ಬ್ಯಾಲೆನ್ಸ್ ಬೆಲ್ಟ್ ಮಾತ್ರ ಮೂರು ಸಲವೂ ಮಿತಿ ಮೀರಿ ಬಿಗಿ.

ಕಾರಣ ಕಾಕಾಗೇ ಹೊಳೆಯಿತು. ಬೆರಳಿಗೆ ಗೊತ್ತಿದ್ದದ್ದು ಒಂದೇ ಹದ. ಮಾರುತಿ, ಸ್ಯಾಂಟ್ರೊ, ಇನ್ನೋವಾ ಹೀಗೆ ಸಾವಿರ ಕಾರುಗಳಿಂದ ಕಲಿತ ಹದ. ಅಗಲ ಬೇರೆ, ಉದ್ದ ಬೇರೆ ಇರುವ ಎರಡನೇ ಬೆಲ್ಟಿಗೂ ಅದನ್ನೇ ಹಚ್ಚಿತ್ತು. ಆಮೇಲೆ ಅವರು ಮಾಡಿದ್ದು ನನಗೆ ಬಹಳ ಹಿಡಿಸಿತು. ಗೇಜಿನಲ್ಲಿ ಸರಿಯಾಗಿ ಕೂರಿಸಿಕೊಂಡು, ಗೇಜ್ ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ ಎರಡೂ ಬೆಲ್ಟುಗಳನ್ನು ಹತ್ತಾರು ಸಲ ತಿರುವಿ ನೋಡಿದರು. ‘ಈಗ ಬೆರಳಿಗೆ ಪಾಠ ಆತ್ರಿ’ ಅಂದರು.

ತಣ್ಣಗಿರುವಾಗಲೇ ಅಳತೆ

ಬಿಗಿತ ಅಳೆಯುವುದಕ್ಕೆ ಕೆಲವು ಕಟ್ಟುಪಾಡುಗಳಿವೆ. ಮೊದಲನೆಯದು, ಎಂಜಿನ್ ಪೂರ್ತಿ ತಣ್ಣಗಿರಬೇಕು. ಅಲ್ಯೂಮಿನಿಯಂ ಬಿಸಿಯಾದರೆ ಹಿಗ್ಗುತ್ತದೆ. ಕ್ರ್ಯಾಂಕಿನಿಂದ ಕ್ಯಾಮಿಗೆ ಅರ್ಧ ಮೀಟರ್ ದೂರ ಎಂದು ಇಟ್ಟುಕೊಂಡರೆ, 70 ಡಿಗ್ರಿ ಬಿಸಿ ಏರಿದಾಗ ಆ ದೂರ ಸುಮಾರು 0.8 ಮಿಲಿಮೀಟರ್ ಹೆಚ್ಚಾಗುತ್ತದೆ. ಬೆಲ್ಟಿನೊಳಗಿನ ಗಾಜಿನ ಹುರಿ ಅಷ್ಟು ಹಿಗ್ಗುವುದಿಲ್ಲ. ಹೀಗಾಗಿ ಬಿಸಿ ಎಂಜಿನ್ನಿನಲ್ಲಿ ಬೆಲ್ಟು ತಾನಾಗಿಯೇ ಬಿಗಿಯುತ್ತದೆ. ಆಗ ಅಳೆದು ‘ಸರಿ ಇದೆ’ ಎಂದರೆ ಬೆಳಿಗ್ಗೆ ಚಳಿಯಲ್ಲಿ ಅದು ಸಡಿಲವಾಗಿರುತ್ತದೆ.

ಎರಡನೆಯದು, ಬಿಗಿದ ಮೇಲೆ ಎಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಬೆಲ್ಟಿನ ಹಲ್ಲುಗಳು ಗಾಲಿಗಳಲ್ಲಿ ಸರಿಯಾಗಿ ಕೂರುವುದು ಆಗಲೇ. ಗುರುತುಗಳು ಮತ್ತೆ ಕೂಡಿ ಬರುತ್ತವೋ ಎಂದೂ ತಿಳಿಯುತ್ತದೆ. ಎಲ್ಲಾದರೂ ತಡೆದರೆ ಬಲ ಹಾಕಬಾರದು. ಕೈಗೆ ತಡೆ ತಿಳಿಯುತ್ತದೆ, ಸ್ಟಾರ್ಟರ್ ಮೋಟರಿಗೆ ತಿಳಿಯುವುದಿಲ್ಲ.

ಮೂರನೆಯದು, ಅಳೆಯುವ ಸ್ಥಾನ. ಕ್ಯಾಮಿನ ಮೇಲೆ ವಾಲ್ವ್ ಸ್ಪ್ರಿಂಗುಗಳ ಒತ್ತಡ ಪ್ರತಿ ಸ್ಥಾನದಲ್ಲೂ ಬದಲಾಗುತ್ತದೆ. ಬೆಲ್ಟಿನ ಒಂದು ಬದಿ ಬಿಗಿದು ಇನ್ನೊಂದು ಬದಿ ಸಡಿಲಾಗುತ್ತದೆ. 944ರಲ್ಲಿ ತುತ್ತತುದಿಯ ಗುರುತಿಗೆ ತಂದ ಮೇಲೆ ಕ್ರ್ಯಾಂಕನ್ನು ಸುಮಾರು 10 ಡಿಗ್ರಿ ಹಿಂದಕ್ಕೆ ತಂದು ಟೈಮಿಂಗ್ ಬೆಲ್ಟನ್ನು ಅಳೆಯುತ್ತಾರೆ. ಬೇರೆ ಬೆಲ್ಟಿನ ಕಾರುಗಳಲ್ಲಿ ಹಿಂದಕ್ಕೆ ತಿರುಗಿಸುವುದು ಸಾಮಾನ್ಯವಾಗಿ ನಿಷಿದ್ಧ. ಆದ್ದರಿಂದ ಒಂದು ಕಾರಿನ ವಿಧಾನವನ್ನು ಇನ್ನೊಂದಕ್ಕೆ ಹಚ್ಚಬಾರದು.

ನಾಲ್ಕನೆಯದು, ನಟ್. 1987ರ ಆಸುಪಾಸಿನಿಂದ ಈ ಕಾರಿಗೆ ಸ್ಪ್ರಿಂಗ್ ಇರುವ ಟೆನ್ಶನರ್ ಬಂತು. ನಮ್ಮದು ಅದಕ್ಕಿಂತ ಹಳೆಯದು. ರೋಲರನ್ನು ಕೈಯಿಂದಲೇ ಸರಿಸಿ, ಹಿಡಿದುಕೊಂಡು ನಟ್ ಬಿಗಿಯಬೇಕು. ಬಿಗಿಯುವಾಗ ರೋಲರ್ ಕೂದಲೆಳೆಯಷ್ಟು ಜರುಗಿದರೂ ಗೇಜಿನ ಅಂಕಿ ಬದಲಾಗುತ್ತದೆ. ಹೀಗಾಗಿ ಲೆಕ್ಕಕ್ಕೆ ಬರುವುದು ನಟ್ ಬಿಗಿದ ಮೇಲಿನ ಅಂಕಿ ಮಾತ್ರ. ಆ ಶನಿವಾರ ಒಂದು ನಟ್ಟಿಗಾಗಿ ಕಾಕಾ ಮತ್ತು ನಾನು ಎರಡು ತಾಸು ಕಳೆದೆವು. ಹುಡುಗರು ನಗುತ್ತಿದ್ದರು.

ಮಿರಜಿನ ತಂಬೂರಿ

ಗೇಜ್ ವಾಪಸು ಕೊಡಬೇಕಿತ್ತು. ಮುಂದೆ ಮರುಪರೀಕ್ಷೆ ಹೇಗೆ? ಅದಕ್ಕೆ ನಮ್ಮ ಪರೀಕ್ಷಾ ವಿಭಾಗದಲ್ಲಿ ಬಳಸುವ ಉಪಾಯವೇ ಒದಗಿತು. ಎರಡು ಗಾಲಿಗಳ ನಡುವಿನ ಬೆಲ್ಟನ್ನು ಬೆರಳಿನಿಂದ ಮೀಟಿದರೆ ಅದು ತಂತಿಯಂತೆ ಕಂಪಿಸುತ್ತದೆ. ಹತ್ತಿರ ಮೈಕ್ ಹಿಡಿದರೆ ಸೆಕೆಂಡಿಗೆ ಎಷ್ಟು ಕಂಪನ ಎಂದು ತಿಳಿಯುತ್ತದೆ. ಈಗ ಫೋನಿನಲ್ಲೇ ಅಂಥ ಆ್ಯಪ್‌ಗಳಿವೆ.

ಧಾರವಾಡದಿಂದ ಪುಣೆಗೆ ರೈಲಿನಲ್ಲಿ ಬರುವವರು ನಡುವೆ ಮಿರಜ್ ದಾಟುತ್ತಾರೆ. ತಂಬೂರಿ, ಸಿತಾರ್ ತಯಾರಿಕೆಗೆ ಹೆಸರಾದ ಊರು. ಗದಗದ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಇಲ್ಲಿ ಸಂಗೀತೋತ್ಸವ ಶುರು ಮಾಡಿದರು. ಅದು ಇಂದಿಗೂ ನಡೆಯುತ್ತಿದೆ. ಡಿಸೆಂಬರಿನ ಆ ರಾತ್ರಿಗಳಲ್ಲಿ ವೇದಿಕೆಯ ಮೇಲೆ ತಂಬೂರಿ ಶ್ರುತಿ ಮಾಡುವುದನ್ನು ನೋಡಿದವರಿಗೆ ಬೆಲ್ಟಿನ ಈ ಪರೀಕ್ಷೆ ಹೊಸದೆನಿಸುವುದಿಲ್ಲ. ತಂತಿಯ ಉದ್ದ, ತೂಕ, ಬಿಗಿತ ಈ ಮೂರೇ ಸ್ವರವನ್ನು ನಿರ್ಧರಿಸುತ್ತವೆ. ಉದ್ದವೂ ತೂಕವೂ ಬದಲಾಗದಿದ್ದರೆ ಸ್ವರ ಹೇಳುವುದು ಬಿಗಿತವನ್ನು ಮಾತ್ರ.

ಇದರಲ್ಲಿ ಒಂದು ಲೆಕ್ಕ ನೆನಪಿಡಬೇಕು. ಬಿಗಿತವು ಕಂಪನದ ವರ್ಗಕ್ಕೆ ಅನುಗುಣ. ಸ್ವರ ಒಂದು ಸಪ್ತಕ ಮೇಲೇರಬೇಕಾದರೆ, ಅಂದರೆ ಕಂಪನ ಎರಡರಷ್ಟಾಗಬೇಕಾದರೆ, ಬಿಗಿತ ನಾಲ್ಕು ಪಟ್ಟಾಗಬೇಕು. ಕಂಪನ 100ರಿಂದ 90ಕ್ಕೆ ಇಳಿದರೆ ಬಿಗಿತ ಶೇ 19ರಷ್ಟು ಇಳಿದಂತೆ. ಕಿವಿಗೆ ಸಣ್ಣದೆನಿಸುವ ವ್ಯತ್ಯಾಸ ಬೆಲ್ಟಿಗೆ ದೊಡ್ಡದು. ನಾವು ಗೇಜಿನಲ್ಲಿ ಸರಿ ಬಂದ ಸ್ಥಿತಿಯಲ್ಲೇ ಎರಡೂ ಬೆಲ್ಟುಗಳ ಕಂಪನ ಅಳೆದು, ಅಂಕಿಗಳನ್ನು ದಿನಾಂಕದೊಂದಿಗೆ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿದೆವು. ಈ ಕಾರಿಗೆ ಈ ಬೆಲ್ಟಿನ ಶ್ರುತಿ ಅದು. ಬೇರೆ ಕಾರಿಗೆ, ಬೇರೆ ಕಂಪನಿಯ ಬೆಲ್ಟಿಗೆ ಆ ಅಂಕಿ ಬರುವುದಿಲ್ಲ.

ಹೊಸ ಬೆಲ್ಟ್ ಮೊದಲ ಓಟದಲ್ಲಿ ತುಸು ಸಡಿಲಾಗುತ್ತದೆ. ಹಳೆಯ ಬಗೆಯ ಟೆನ್ಶನರ್ ಅದನ್ನು ತಾನಾಗಿ ಎಳೆದುಕೊಳ್ಳುವುದಿಲ್ಲ, ಮನುಷ್ಯರೇ ಮತ್ತೆ ಬಿಗಿಯಬೇಕು. 944ರವರು ಸುಮಾರು 3,000 ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಬಿಗಿತ ನೋಡುತ್ತಾರೆ. ನಮ್ಮ ಯಜಮಾನರ ಕಾರು ಅಷ್ಟು ಓಡಲು ವರ್ಷಗಳೇ ಬೇಕು. ಹಾಗಾಗಿ ಆರು ವಾರ ಪುಣೆಯ ಸುತ್ತಮುತ್ತ ಓಡಿಸಿ, 700 ಕಿಲೋಮೀಟರಿಗೇ ಮುಚ್ಚಳ ತೆಗೆದೆವು. ಟೈಮಿಂಗ್ ಬೆಲ್ಟಿನ ಕಂಪನ ಶೇ 5ರಷ್ಟು ಇಳಿದಿತ್ತು. ಅಂದರೆ ಬಿಗಿತ ಸುಮಾರು ಶೇ 10ರಷ್ಟು ಕಡಿಮೆ. ಮತ್ತೆ ಬಿಗಿದು ಹಳೆಯ ಅಂಕಿಗೆ ತಂದೆವು. ಈ ಸಲ ಕಾಕಾ ಬೆರಳಿನಿಂದಲೇ ಹದ ಹಿಡಿದರು. ಫೋನು ಅದನ್ನು ಒಪ್ಪಿತು.

ಅದಾದ ಎರಡನೇ ಭಾನುವಾರ ಯಜಮಾನರು ಬೆಳಿಗ್ಗೆ ಐದೂವರೆಗೆ ಹೊರಟರು. ನಾನು ಪಕ್ಕದ ಸೀಟಿನಲ್ಲಿ, ಕಾಕಾ ತಮ್ಮ ಹಳೆ ವ್ಯಾನಿನಲ್ಲಿ ಪಾನಾ ಪೆಟ್ಟಿಗೆಯೊಂದಿಗೆ ಹಿಂದೆ. ಬೆಂಗಳೂರು ಹೆದ್ದಾರಿ ಹಿಡಿದು ಖಂಬಾಟಕಿ ಘಾಟ್ ಹತ್ತುವಾಗ ಯಜಮಾನರು ಎರಡನೇ ಗೇರಿಗೆ ಇಳಿಸಿ ಎಂಜಿನ್ನನ್ನು 5,000 ಸುತ್ತಿನವರೆಗೆ ಬಿಟ್ಟರು. ನಾನು ಉಸಿರು ಹಿಡಿದಿದ್ದೆ. ಸೀಟಿಯ ಸದ್ದಿಲ್ಲ, ನಡುಕವಿಲ್ಲ. ವಾಯಿಯಲ್ಲಿ ಕೃಷ್ಣೆಯ ಘಾಟಿನ ಹತ್ತಿರ ಕಾರು ನಿಲ್ಲಿಸಿ, ಅವರು ಒಬ್ಬರೇ ಇಳಿದು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕುಳಿತರು. ನಾವು ಹತ್ತಿರ ಹೋಗಲಿಲ್ಲ. ವಾಪಸು ಬರುವಾಗ ಚಹಾದ ಅಂಗಡಿಯಲ್ಲಿ ಕಾಕಾನ ಕೈ ಹಿಡಿದು ಮರಾಠಿಯಲ್ಲಿ ಏನೋ ಹೇಳಿದರು. ಕಾಕಾ ಅದನ್ನು ನನಗೆ ಕನ್ನಡದಲ್ಲಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿಮ್ಮ ಕಾರಿನಲ್ಲಿ ಏನಿದೆ?

ಪೋರ್ಷೆ ನಮ್ಮಲ್ಲಿ ಎಷ್ಟು ಮನೆಗಳಲ್ಲಿದ್ದೀತು? ಆದರೆ ಬೆಲ್ಟಿನ ಕಾರು ಊರಿನ ಪ್ರತಿ ಓಣಿಯಲ್ಲೂ ಇದೆ. ಹಳೆಯ ಮಾರುತಿ 800, ಸ್ಯಾಂಟ್ರೊ, ಡೀಸೆಲ್ ಡಸ್ಟರ್, ಡೀಸೆಲ್ ಪೋಲೊ ಇವೆಲ್ಲ ಟೈಮಿಂಗ್ ಬೆಲ್ಟಿನವೇ. ನಮ್ಮ ಬಿಡದಿಯಲ್ಲೇ ತಯಾರಾಗಿ 2005ರಿಂದ ರಸ್ತೆಗಿಳಿದ 2.5 ಲೀಟರ್ ಡೀಸೆಲ್ ಇನ್ನೋವಾ ಕೂಡ ಬೆಲ್ಟಿನದೇ. 2016ರಲ್ಲಿ ಬಂದ ಕ್ರಿಸ್ಟಾದ ಡೀಸೆಲ್ ಎಂಜಿನ್ನಿಗೆ ಚೈನ್ ಬಂತು. ಮಾರುತಿಯ ಕೆ ಸರಣಿಯ ಎಂಜಿನ್ನುಗಳಲ್ಲೂ ಚೈನ್ ಇದೆ.

ಹಳೆಯ ಇನ್ನೋವಾದಲ್ಲಿ ನಿಗದಿತ ಕಿಲೋಮೀಟರ್ ಮುಗಿದಾಗ ಬೆಲ್ಟಿನ ದೀಪ ಹೊತ್ತುತ್ತದೆ. ಬಾಡಿಗೆಗೆ ಓಡುವ ಗಾಡಿಗೆ ಅದು ಒಳ್ಳೆಯ ನೆನಪೋಲೆ. ಆದರೆ ಆ ದೀಪ ಎಣಿಸುವುದು ಕಿಲೋಮೀಟರನ್ನು ಮಾತ್ರ. ಅದಕ್ಕೆ ಬೆಲ್ಟು ಕಾಣುವುದಿಲ್ಲ, ವರ್ಷ ಗೊತ್ತಿಲ್ಲ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ ಸೇರಿ, ಅಪ್ಪ ಅಮ್ಮ ಮಾತ್ರ ಇರುವ ಮನೆಗಳಲ್ಲಿ ಕಾರು ತಿಂಗಳಿಗೊಮ್ಮೆ ಗುಡಿಗೆ, ಡಾಕ್ಟರ ಹತ್ತಿರಕ್ಕೆ ಹೋಗಿಬರುತ್ತದೆ. ‘ಹತ್ತು ವರ್ಷದಲ್ಲಿ ಮೂವತ್ತು ಸಾವಿರವೂ ಓಡಿಲ್ಲ, ಹೊಸದರಂತಿದೆ’ ಎಂದು ನಾವು ಹೆಮ್ಮೆಯಿಂದ ಹೇಳುವ ಕಾರು ಅದೇ. ಅದರ ಬೆಲ್ಟಿಗೂ ಹತ್ತು ವರ್ಷವಾಗಿದೆ.

ಮುಂದಿನ ಸಲ ಊರಿಗೆ ಹೋದಾಗ ಮೂರು ಕೆಲಸ ಮಾಡಿ. ಕಾರಿನಲ್ಲಿ ಬೆಲ್ಟೋ ಚೈನೋ ಎಂದು ಕಾರಿನ ಕೈಪಿಡಿಯಲ್ಲಿ ನೋಡಿ. ಬೆಲ್ಟಿದ್ದರೆ ಕೊನೆಯ ಸಲ ಬದಲಿಸಿದ ದಿನಾಂಕವನ್ನು ಬಿಲ್ಲಿನಲ್ಲಿ ಹುಡುಕಿ. ಬಿಲ್ ಸಿಗದಿದ್ದರೆ ಬದಲಿಸಿಲ್ಲ ಎಂದೇ ತಿಳಿಯುವುದು ಕ್ಷೇಮ. ಬದಲಿಸುವಾಗ ಬೆಲ್ಟ್ ಒಂದನ್ನೇ ಹಾಕಿಸದೆ ಟೆನ್ಶನರ್, ರೋಲರ್, ಬೆಲ್ಟಿನಿಂದಲೇ ತಿರುಗುವುದಾದರೆ ನೀರಿನ ಪಂಪನ್ನೂ ಹಾಕಿಸಿ, ಎಣ್ಣೆ ಸೋರುವ ಸೀಲುಗಳನ್ನು ನೋಡಿಸಿ. ಹೊಸ ಬೆಲ್ಟಿನ ಪಕ್ಕ ಹಳೆ ಬೇರಿಂಗ್ ಇಟ್ಟರೆ ಆ ಖರ್ಚು ವ್ಯರ್ಥ. ಬಿಗಿತವನ್ನು ಯಾವ ಸಾಧನದಿಂದ ನೋಡಿದಿರಿ ಎಂದು ಮೆಕ್ಯಾನಿಕ್ಕನ್ನು ಕೇಳಿ. ಬೇಸರಪಡುವವರಿದ್ದಾರೆ, ಆದರೂ ಕೇಳಿ.

ಕೆಲಸ ಮುಗಿದ ಮೇಲೆ ದಿನಾಂಕ, ಮೀಟರಿನ ಕಿಲೋಮೀಟರು, ಮುಂದೆ ಬದಲಿಸಬೇಕಾದ ವರ್ಷ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸಿ. ಹತ್ತು ರೂಪಾಯಿಯ ಸ್ಟಿಕರ್ ಸಾಕು. ಅಪ್ಪನಿಗೆ ಮರೆತುಹೋದರೂ, ನಾವು ಊರಿನಿಂದ ದೂರ ಇದ್ದರೂ, ಮುಂದೆ ಆ ಬಾನೆಟ್ ತೆರೆಯುವ ಮೆಕ್ಯಾನಿಕ್ಕಿಗೆ ಅದು ಕಾಣುತ್ತದೆ.